ಫಾರಿನ್ ಸ್ಟಡಿ ಟೂರ್: ಪ್ಲಾನ್ ಮೇಷ್ಟ್ರು ಮಾಡಲಿ, ಏಜೆಂಟ್ ಅಲ್ಲ

ಮಾನ್ಯ ಸಂಪಾದಕರೇ,

ಈಗ ಎಷ್ಟೋ ಕಾಲೇಜುಗಳ ಅಡ್ಮಿಷನ್ ಬ್ಯಾನರ್‌ನಲ್ಲಿ ಲ್ಯಾಬು, ಬಸ್ಸು, ಹಾಸ್ಟೆಲ್ ಜೊತೆಗೆ ‘ಫಾರಿನ್ ಸ್ಟಡಿ ಟೂರ್’ ಅಂತ ಒಂದು ಸಾಲು ಇರುತ್ತದೆ. ಪಕ್ಕದಲ್ಲಿ ವಿಮಾನದ ಚಿತ್ರ. ನಾನು ಡಿಗ್ರಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಮಕ್ಕಳನ್ನು ಕರೆದುಕೊಂಡು ಇಂಥ ಎರಡು ಪ್ರವಾಸಕ್ಕೆ ಹೋಗಿ ಬಂದಿದ್ದೇನೆ. ಒಂದು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಇನ್ನೊಂದು ಪರವಾಗಿಲ್ಲ.

ಮೊದಲನೆಯದು ಸಿಂಗಪುರ. ಐದು ರಾತ್ರಿ, ಆರು ಹಗಲು. ಪ್ಲಾನ್ ಪೂರ್ತಿ ಏಜೆಂಟ್‌ದು, ನಾವು ಬರೀ ತಲೆ ಎಣಿಸುವವರು. ಅಲ್ಲಿ ಮರೀನಾ ಬ್ಯಾರೇಜ್ ಅಂತ ಇದೆ, 2008ರಲ್ಲಿ ಶುರುವಾದದ್ದು. ಸಮುದ್ರಕ್ಕೆ ಅಡ್ಡ ಕಟ್ಟಿ, ಉಪ್ಪುನೀರು ಒಳಗೆ ಬರದ ಹಾಗೆ ತಡೆದು, ಊರಿನ ಮಧ್ಯದಲ್ಲೇ ಸಿಹಿನೀರಿನ ಕೆರೆ ಮಾಡಿಕೊಂಡಿದ್ದಾರೆ. ಜೋರು ಮಳೆ ಬಂದಾಗ ಸಮುದ್ರ ಇಳಿತದಲ್ಲಿದ್ದರೆ ಗೇಟು ಇಳಿಸಿ ನೀರು ಬಿಡುತ್ತಾರೆ, ಭರತ ಇದ್ದರೆ ಪಂಪು ಹಾಕಿ ಹೊರಗೆ ತಳ್ಳುತ್ತಾರೆ. ಅದೊಂದರ ಮೇಲೆ ವಾರಗಟ್ಟಲೆ ಪಾಠ ಮಾಡಬಹುದು. ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ‘ಸಾರ್, ಸೆಂಟೋಸಾಗೆ ಲೇಟಾಗುತ್ತೆ’ ಅಂತ ಗೈಡ್ ಬಸ್ಸಿನ ಬಾಗಿಲು ತಟ್ಟುತ್ತಿದ್ದ (ಸೆಂಟೋಸಾ ಅಂದರೆ ಅಲ್ಲಿನ ಮೋಜಿನ ದ್ವೀಪ), ಮಕ್ಕಳು ಸೆಲ್ಫಿ ತೆಗೆದುಕೊಂಡು ಹತ್ತಿದರು. ಊರಿಗೆ ಬಂದ ಮೇಲೆ ರಿಪೋರ್ಟ್ ಬರೆಸಿದರೆ ಎಲ್ಲರದ್ದರಲ್ಲೂ ಒಂದೇ ಪ್ಯಾರಾ, ನೆಟ್‌ನಿಂದ ಇಳಿಸಿದ್ದು. ಬೈಯೋಣ ಅಂದರೆ ನನಗೂ ಮುಖ ಇರಲಿಲ್ಲ.

ಯಾಕೆಂದರೆ ನಮ್ಮ ಟಿಕೆಟ್ ಫ್ರೀ. ಇಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು ಫ್ರೀ ಅನ್ನುವುದು ಈ ಧಂದೆಯ ಲೆಕ್ಕ. ಆ ದುಡ್ಡೂ ಮಕ್ಕಳ ಅಪ್ಪ ಅಮ್ಮನ ಜೇಬಿಂದಲೇ ಬಂದದ್ದು, ಅಲ್ವಾ? ಹಾಗೆ ಹೋದವನು ಏಜೆಂಟ್‌ಗೆ ‘ಸೆಂಟೋಸಾ ಬೇಡಪ್ಪಾ, ಇಲ್ಲೇ ಅರ್ಧ ದಿನ ಇರೋಣ’ ಅಂತ ಯಾವ ಬಾಯಲ್ಲಿ ಹೇಳಬೇಕು?

ಎರಡನೇ ಸಲ ಹಟ ಹಿಡಿದು ನಾವೇ ಪ್ಲಾನ್ ಮಾಡಿದೆವು. ಶ್ರೀಲಂಕಾ, ಹತ್ತು ದಿನ, ಹದಿನಾಲ್ಕು ಮಕ್ಕಳು, ಇಬ್ಬರು ಮೇಷ್ಟ್ರು, ಅದರಲ್ಲಿ ಒಬ್ಬರು ಮೇಡಂ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ದಾವಣಗೆರೆಯಿಂದ ಬೆಂಗಳೂರು ಸೇರಲು ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ವಿಷಯ ಒಂದೇ: ಕೆರೆ. ಹೋಗುವ ಮುಂಚೆ ಎರಡು ತಿಂಗಳು ಪ್ರತಿ ಶನಿವಾರ ನಮ್ಮ ಸೂಳೆಕೆರೆ, ಸುತ್ತಲಿನ ಸಣ್ಣಪುಟ್ಟ ಕೆರೆಗಳ ಏರಿ, ತೂಬು, ಕೋಡಿ ಎಲ್ಲ ನಡೆದು ನೋಡಿದೆವು. ತನ್ನೂರಿನ ಕೆರೆ ನೋಡದವನಿಗೆ ಹೊರದೇಶದ ಕೆರೆ ತೋರಿಸಿ ಏನು ಮಾಡುವುದು? ತಿಂಗಳು ಆರಿಸುವಾಗಲೂ ಕೆರೆಯನ್ನೇ ಕೇಳಬೇಕಾಯಿತು. ಅಲ್ಲಿನ ಒಣ ಸೀಮೆಗೆ ಮುಖ್ಯ ಮಳೆ ಹಿಂಗಾರಿನದು, ಹಾಗಾಗಿ ಬೇಸಿಗೆ ರಜೆ ಬಿಟ್ಟು ಜನವರಿ ಕೊನೆಗೆ ಹೊರಟೆವು.

ಕಲಾವೆವ ಅನ್ನುವ ಕೆರೆಯನ್ನು 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ್ದು. ಅಲ್ಲಿಂದ ಅನುರಾಧಪುರಕ್ಕೆ ಜಯಗಂಗಾ ಕಾಲುವೆ, ಸುಮಾರು 87 ಕಿ.ಮೀ. ಮೊದಲ ಹದಿನೇಳು ಮೈಲಿಯಲ್ಲಿ ಇಳಿಜಾರು ಮೈಲಿಗೆ ಬರೀ ಆರಂಗುಲ ಅಂತ ಹೇಳುತ್ತಾರೆ. ಕ್ಲಾಸಿನಲ್ಲಿ ಹೇಳಿದಾಗ ಯಾರೂ ತಲೆ ಎತ್ತಿರಲಿಲ್ಲ. ಅಲ್ಲಿ ಒಬ್ಬ ಹುಡುಗ ಒಣಗಿದ ಎಲೆ ನೀರಿಗೆ ಬಿಟ್ಟು ಅದರ ಜೊತೆಗೇ ದಂಡೆ ಮೇಲೆ ನಡೆಯತೊಡಗಿದ, ಫೋನ್‌ನಲ್ಲಿ ಟೈಮ್ ನೋಡಿಕೊಂಡು. ಚನ್ನಗಿರಿ ಕಡೆಯವನು, ಅವನ ತಾತ ನೀರುಗಂಟಿ, ಅಂದರೆ ಗದ್ದೆಗಳಿಗೆ ಕೆರೆ ನೀರು ಬಿಡುವವರು. ಊಟಕ್ಕೆ ಕರೆದರೂ ಬರಲಿಲ್ಲ.

ಮಾರನೇ ದಿನ ಒಬ್ಬ ವಯಸ್ಸಾದ ರೈತರ ಹತ್ತಿರ ಅವನೇ ಕೇಳಿದ: ‘ಬರ ಬಂದರೆ ನೀರು ಮೊದಲು ಯಾರಿಗೆ?’ ಅವರು ಬೆತ್ಮ ಅನ್ನುವ ಪದ್ಧತಿ ಹೇಳಿದರು. ನೀರು ಕಡಿಮೆಯಾದ ವರ್ಷ ಕೆರೆಗೆ ಹತ್ತಿರದ ಗದ್ದೆಗಳಲ್ಲಿ ಮಾತ್ರ ಬೆಳೆ, ಆ ಗದ್ದೆಗಳನ್ನೇ ಆ ಹಂಗಾಮಿನ ಮಟ್ಟಿಗೆ ಎಲ್ಲರೂ ಹಂಚಿಕೊಂಡು ಉಳುತ್ತಾರೆ, ಕಾಲುವೆಯ ಕೊನೆಯಲ್ಲಿ ಜಮೀನು ಇರುವವರೂ ಸೇರಿ. ‘ನಮ್ಮಲ್ಲಿ ಹಿಂಗಂದ್ರೆ ಹೊಡೆದಾಟ ಆಗುತ್ತೆ ಸಾರ್’ ಅಂದ. ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದನ್ನು ನೋಡಿ ಬೆಳೆದ ಮಕ್ಕಳು ಇವರು. ರಾತ್ರಿ ಹನ್ನೊಂದರವರೆಗೆ ಜಗಳ ಆಡಿದರು. ನಾನು ಬಾಯಿ ಹಾಕಲಿಲ್ಲ.

ಇಷ್ಟಕ್ಕೆ ಒಂದು ವರ್ಷ ಮುಂಚೆ ಶುರು ಮಾಡಬೇಕಾಯಿತು. ಜಾಸ್ತಿ ಹೊತ್ತು ತಿಂದದ್ದು ಪಾಸ್‌ಪೋರ್ಟ್. ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳಿಗೆ ಅದು ಇರಲೇ ಇಲ್ಲ. ಪೋಸ್ಟ್ ಆಫೀಸಿನಲ್ಲೇ ಪಾಸ್‌ಪೋರ್ಟ್ ಕೇಂದ್ರ ಅನ್ನುವುದು 2017ರಲ್ಲಿ ನಮ್ಮ ಮೈಸೂರಿನಿಂದಲೇ ಶುರುವಾಗಿ ಈಗ ಸುಲಭ ಆಗಿದೆ, ನಿಜ. ಆದರೆ ಇನಿಷಿಯಲ್ ಕಾಟ ಹೋಗಿಲ್ಲ. ಮಾರ್ಕ್ಸ್ ಕಾರ್ಡ್‌ನಲ್ಲಿ ‘ಕೆ.ಎಸ್.’, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ಗೆ ಬಿಡಿಸಿ ಬರೆಯಬೇಕು. ಪೊಲೀಸ್ ವೆರಿಫಿಕೇಷನ್‌ಗೆ ಊರಿನ ವಿಳಾಸವೋ ಹಾಸ್ಟೆಲ್‌ದೋ ಅನ್ನುವ ಗೊಂದಲ ಬೇರೆ. ಇನ್ನು ಏಜೆಂಟ್ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ, ಅದು ವಾಪಸ್ ಬರಬೇಕಾದರೆ ರಿಟರ್ನ್ಸ್ ಫೈಲ್ ಮಾಡಬೇಕು. ಎರಡು ಎಕರೆ ಅಡಿಕೆ ಇಟ್ಟುಕೊಂಡ ಅಪ್ಪ ಎಲ್ಲಿ ಮಾಡುತ್ತಾನೆ?

ಅಮೆರಿಕದಿಂದ ಹೊರದೇಶಕ್ಕೆ ಓದಲು ಹೋಗುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋಗುವುದು ಇಂಥ ಕೆಲವೇ ವಾರಗಳ ಕೋರ್ಸ್‌ಗೆ. ಎಷ್ಟೋ ಕೋರ್ಸ್‌ಗಳಲ್ಲಿ ಅವರ ಮೇಷ್ಟ್ರೇ ಜೊತೆಗಿರುತ್ತಾರೆ, ಅಂಕವೂ ಸಿಗುತ್ತದೆ. ಯುಜಿಸಿ ಲೆಕ್ಕದಲ್ಲಿ ಮೂವತ್ತು ಗಂಟೆ ಕ್ಷೇತ್ರ ಕೆಲಸಕ್ಕೆ ಒಂದು ಕ್ರೆಡಿಟ್ (ಡಿಗ್ರಿಗೆ ಸೇರುವ ಅಂಕ). ದಿನಕ್ಕೆ ಆರು ಗಂಟೆಯಂತೆ ನಮ್ಮ ಹತ್ತು ದಿನಕ್ಕೆ ಎರಡು ಕ್ರೆಡಿಟ್ ಆಗಬೇಕಿತ್ತು. ಸಿಕ್ಕಿದ್ದು ಸೊನ್ನೆ, ‘ಪಠ್ಯೇತರ ಚಟುವಟಿಕೆ’ ಅಂತ ಒಂದು ಸರ್ಟಿಫಿಕೇಟ್. ನಮ್ಮ ವಿಶ್ವವಿದ್ಯಾಲಯಗಳು ಇದೊಂದನ್ನು ಸರಿ ಮಾಡಿದರೆ ಸಾಕು, ಅಂಕ ಬರುತ್ತದೆ ಅಂದ ಮೇಲೆ ಪ್ಲಾನ್ ತಾನಾಗಿಯೇ ಏಜೆಂಟ್ ಕೈಯಿಂದ ಮೇಷ್ಟ್ರ ಕೈಗೆ ಬರುತ್ತದೆ. ದುಡ್ಡಿಲ್ಲದೆ ಕೊನೆ ಗಳಿಗೆಯಲ್ಲಿ ಹಿಂದೆ ಸರಿದ ನಾಲ್ಕು ಮಕ್ಕಳಿಗೆ ಕಾಲೇಜಿನಲ್ಲಿ ಒಂದು ನಿಧಿಯಾದರೂ ಇರಬೇಕಿತ್ತು.

ಮುಂದಿನ ಜನವರಿಯ ತಂಡಕ್ಕೆ ಈಗಲೇ ಓಡಾಟ ಶುರುವಾಗಿದೆ. ಇವತ್ತು ಮಧ್ಯಾಹ್ನ ಒಬ್ಬಳ ಇನಿಷಿಯಲ್ ಅಫಿಡವಿಟ್‌ಗೆ ನೋಟರಿ ಹತ್ತಿರ ಹೋಗಬೇಕು, ಪತ್ರ ಇಲ್ಲಿಗೇ ನಿಲ್ಲಿಸುತ್ತೇನೆ.

– ಒಬ್ಬ ಭೂಗೋಳ ಮೇಷ್ಟ್ರು, ದಾವಣಗೆರೆ