ನೂರು ಪಟ್ಟು ವೇಗ: ಯಾವ ಕೆಲಸದಲ್ಲಿ?

ಮಾನ್ಯ ಸಂಪಾದಕರೇ,

ದತ್ತಾಂಶವನ್ನು ಕೂಡಿಡುವ ಮೆಮೊರಿ ಚಿಪ್‌ನೊಳಗೇ ಲೆಕ್ಕವನ್ನೂ ಮಾಡಿ ಮುಗಿಸುವ ತಂತ್ರಜ್ಞಾನದ ಬಗ್ಗೆ ಪತ್ರಿಕೆಗಳು ಬರೆಯತೊಡಗಿರುವುದು ಸಂತೋಷದ ಸಂಗತಿ. ಆದರೆ ಅಂಥ ಬರಹಗಳಲ್ಲಿ ಹಲವು ‘ಇನ್ನು ಪ್ರೊಸೆಸರ್ ಬೇಕಿಲ್ಲ’, ‘ನೂರು ಪಟ್ಟು ವೇಗ’ ಎಂಬ ಧಾಟಿಯಲ್ಲಿರುವುದರಿಂದ, ಕಂಪ್ಯೂಟರ್ ವಿನ್ಯಾಸವನ್ನು ಪಾಠ ಮಾಡುವವನಾಗಿ ಕೆಲವು ಮಾತು ಬರೆಯಬೇಕೆನಿಸಿತು.

ಲೆಕ್ಕ ಒಂದು ಕಡೆ, ದತ್ತಾಂಶ ಇನ್ನೊಂದು ಕಡೆ ಎಂಬ ಏರ್ಪಾಡು ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರಲ್ಲಿ ಎಡ್‌ವ್ಯಾಕ್ ಯಂತ್ರದ ಬಗ್ಗೆ ಬರೆದ ಕರಡು ವರದಿಯ ಕಾಲದಿಂದ ನಡೆದುಬಂದಿದೆ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯನ್ನು ಫೋರ್ಟ್ರಾನ್ ಭಾಷೆಯ ರೂವಾರಿ ಜಾನ್ ಬ್ಯಾಕಸ್ ತಮ್ಮ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಸೀಸೆಯ ಕುತ್ತಿಗೆಗೆ ಹೋಲಿಸಿದ್ದರು. ಆಗ ಅದು ವಿನ್ಯಾಸಕಾರರ ದೂರು. ಈಗ ವಿದ್ಯುತ್ತಿನ ಖರ್ಚಿನ ಪ್ರಶ್ನೆ. 45 ನ್ಯಾನೊಮೀಟರ್ ತಲೆಮಾರಿನ ಚಿಪ್‌ಗಳಿಗೆ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜಿನಂತೆ, 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು 0.1 ಪಿಕೊಜೂಲ್ (ಪಿಕೊಜೂಲ್ ಎಂದರೆ ಜೂಲ್‌ನ ಲಕ್ಷ ಕೋಟಿಯಲ್ಲೊಂದು ಪಾಲು ಶಕ್ತಿ) ಸಾಕು. ಅಷ್ಟೇ ದೊಡ್ಡ ಒಂದು ಸಂಖ್ಯೆಯನ್ನು ಕಂಪ್ಯೂಟರ್‌ನ ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ನಿಂದ ತರಿಸಿಕೊಳ್ಳಲು 640 ಪಿಕೊಜೂಲ್ ಬೇಕು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎನ್ನುತ್ತೇವೆ. ಇಲ್ಲಿ ಹುಲ್ಲಿನ ಬೆಲೆ ಕುದುರೆಯ ಆರು ಸಾವಿರ ಪಟ್ಟು.

ತರಗತಿಯಲ್ಲಿ ನಾನು ಕೊಡುವ ಉದಾಹರಣೆ ಹತ್ತು ಕೋಟಿ ಸಂಖ್ಯೆಗಳ ಮೊತ್ತ. ಒಂದೊಂದಕ್ಕೆ ನಾಲ್ಕು ಬೈಟ್‌ನಂತೆ 40 ಕೋಟಿ ಬೈಟ್‌ಗಳು ತಂತಿಗಳ ಮೂಲಕ ಪ್ರೊಸೆಸರ್‌ವರೆಗೆ ಹೋಗಬೇಕು, ಕೊನೆಗೆ ನಮಗೆ ಬೇಕಾದ ಉತ್ತರವೋ ಒಂದೇ ಒಂದು ಸಂಖ್ಯೆ. ಫ್ರಾನ್ಸ್‌ನ ಅಪ್‌ಮೆಮ್ ಕಂಪನಿ ತಯಾರಿಸಿದ 8 ಜಿಬಿ ಮೆಮೊರಿ ಮಾಡ್ಯೂಲ್‌ನಲ್ಲಿ ಪ್ರತಿ 64 ಎಂಬಿ ಬ್ಯಾಂಕಿನ (ಮೆಮೊರಿಯ ಒಂದು ವಿಭಾಗದ) ಪಕ್ಕದಲ್ಲೂ ಒಂದೊಂದು ಪುಟ್ಟ ಪ್ರೊಸೆಸರ್‌ನಂತೆ ಒಟ್ಟು 128 ಇವೆ. ಇದೇ ಲೆಕ್ಕವನ್ನು ಅವಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಸುಮಾರು 7.8 ಲಕ್ಷ ಸಂಖ್ಯೆಗಳು. ಎಲ್ಲವೂ ತಂತಮ್ಮ ಪಾಲನ್ನು ಕೂಡಿ ಮುಗಿಸಿದ ಮೇಲೆ ಹೊರಗೆ ಹೋಗಬೇಕಾದದ್ದು 128 ಮೊತ್ತಗಳು, ಅಂದರೆ ಒಂದೊಂದು ಮೊತ್ತಕ್ಕೆ ಎಂಟು ಬೈಟ್‌ನಂತೆ ಸಾವಿರ ಚಿಲ್ಲರೆ ಬೈಟ್ ಮಾತ್ರ. ಸಂಖ್ಯೆಗಳು ಮೊದಲೇ ಆ ಬ್ಯಾಂಕುಗಳಲ್ಲಿ ಇದ್ದರೆ ಮಾತ್ರ ಈ ಲಾಭ ಎಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ, ಪತ್ರಕರ್ತರೂ ಮರೆಯುತ್ತಾರೆ.

ಇದಕ್ಕಿಂತಲೂ ಸೊಗಸಾದ ಇನ್ನೊಂದು ದಾರಿಯಲ್ಲಿ ಪ್ರತ್ಯೇಕ ಪ್ರೊಸೆಸರ್ ಕೂಡ ಇರುವುದಿಲ್ಲ. ಡಿರ‍್ಯಾಮ್‌ನ ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಂಶವನ್ನು ಹಿಡಿದಿಡುವ ಒಂದು ಕೆಪಾಸಿಟರ್‌ನ ಜೋಡಿ. ಮೂರು ಸಾಲುಗಳನ್ನು ಏಕಕಾಲಕ್ಕೆ ತೆರೆದರೆ ಒಂದೇ ಕಂಬಸಾಲಿನ ಮೂರು ಕೋಶಗಳ ವಿದ್ಯುದಂಶ ಬೆರೆತು, ಬಹುಮತ ಯಾವ ಕಡೆಗಿದೆಯೋ ಅದೇ ಉತ್ತರವಾಗಿ ನಿಲ್ಲುತ್ತದೆ. ಮೂರನೆಯ ಸಾಲಿನಲ್ಲಿ ಸೊನ್ನೆ ತುಂಬಿಟ್ಟರೆ ಉಳಿದೆರಡು ಸಾಲುಗಳ ನಡುವೆ ‘ಆಂಡ್’ ಕ್ರಿಯೆ (ಎರಡೂ 1 ಆಗಿದ್ದರೆ ಮಾತ್ರ ಉತ್ತರ 1), 1 ತುಂಬಿಟ್ಟರೆ ‘ಆರ್’ ಕ್ರಿಯೆ (ಯಾವುದಾದರೂ ಒಂದು 1 ಆಗಿದ್ದರೂ ಉತ್ತರ 1). ಸಾವಿರಾರು ಬಿಟ್‌ಗಳ ಇಡೀ ಸಾಲಿಗೆ ಇದು ಒಂದೇ ಏಟಿಗೆ ನಡೆದುಹೋಗುತ್ತದೆ. ಇದನ್ನು ಮೊದಲ ಸಲ ಓದಿದಾಗ ಇಷ್ಟು ಸರಳ ಉಪಾಯ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲವೇ ಎನಿಸಿತ್ತು. ಆದರೆ ತೆರೆದ ಸಾಲುಗಳಲ್ಲಿದ್ದ ಮೂಲ ದತ್ತಾಂಶ ಅಳಿಸಿಹೋಗುವುದರಿಂದ ಮೊದಲು ಅದನ್ನು ಬೇರೆ ಸಾಲಿಗೆ ನಕಲು ಮಾಡಿಕೊಳ್ಳಬೇಕು, ಗುಣಾಕಾರದಂಥ ಕೆಲಸಕ್ಕೆ ಇಂಥ ಹೆಜ್ಜೆಗಳನ್ನು ಸಾಲುಸಾಲಾಗಿ ಇಡಬೇಕು.

ತೊಡಕುಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಡಿರ‍್ಯಾಮ್ ತಯಾರಿಕೆಯ ವಿಧಾನ ವಿದ್ಯುದಂಶ ಸೋರದಂತೆ ಕಾಯುವುದಕ್ಕೆ ಹದಗೊಂಡದ್ದು, ವೇಗವಾದ ತರ್ಕ ಮಂಡಲಗಳಿಗಲ್ಲ. ಹೀಗಾಗಿ ಅಲ್ಲಿ ಕೂರಿಸಿದ ಪ್ರೊಸೆಸರ್‌ಗಳು ಮಂದಗತಿಯವು. ಮೇಲೆ ಹೇಳಿದ ಮಾಡ್ಯೂಲ್‌ನ ಪುಟ್ಟ ಪ್ರೊಸೆಸರ್‌ಗಳಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಯಂತ್ರಾಂಗವೇ ಇಲ್ಲ, ಅವು ತಮ್ಮತಮ್ಮಲ್ಲಿ ನೇರವಾಗಿ ಮಾತಾಡಿಕೊಳ್ಳಲಾರವು. ಇನ್ನು ಶಾಖ: ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಕೋಶಗಳಿಗೆ ಮರುಪೂರಣ ಮಾಡುವ ಡಿರ‍್ಯಾಮ್, 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ಇಮ್ಮಡಿ ಬಾರಿ ಮಾಡಬೇಕಾಗುತ್ತದೆ. ಲೆಕ್ಕ ಮಾಡುವ ಮಂಡಲವನ್ನು ಅದರ ಮಗ್ಗುಲಲ್ಲೇ ಇಟ್ಟರೆ ಬಿಸಿ ಏರದೆ ಇರುತ್ತದೆಯೇ?

ಹಾಗೆಂದು ಇದನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. 2021ರಲ್ಲಿ ಸ್ಯಾಮ್‌ಸಂಗ್, 2022ರಲ್ಲಿ ಎಸ್‌ಕೆ ಹೈನಿಕ್ಸ್ ಇಂಥ ಚಿಪ್‌ಗಳನ್ನು ಪ್ರಕಟಿಸಿದಾಗ ಎರಡೂ ಕೃತಕ ಬುದ್ಧಿಮತ್ತೆಯ ಕೆಲಸವನ್ನೇ ಮುಂದಿಟ್ಟದ್ದಕ್ಕೆ ಕಾರಣವಿದೆ. ಭಾಷಾ ಮಾದರಿಯೊಂದು ಒಬ್ಬ ಬಳಕೆದಾರನಿಗೆ ಪದದ ಮೇಲೆ ಪದ ಹೊಂದಿಸಿ ಉತ್ತರಿಸುವಾಗ ಕೋಟಿಗಟ್ಟಲೆ ತೂಕಾಂಕಗಳನ್ನು (ಅದು ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳನ್ನು) ಪ್ರತಿ ಪದಕ್ಕೂ ಹೊಸದಾಗಿ ಓದಿ, ಒಂದೊಂದನ್ನು ಒಮ್ಮೆ ಗುಣಿಸಿ ಬಿಟ್ಟುಬಿಡುತ್ತದೆ. ಅಲ್ಲಿ ಸಾಗಾಟವೇ ಬಹುಪಾಲು ಕೆಲಸ. ಅದೇ, ಒಮ್ಮೆ ತಂದ ಸಂಖ್ಯೆಯನ್ನು ಪ್ರೊಸೆಸರ್‌ನೊಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿಟ್ಟುಕೊಂಡು ನೂರಾರು ಸಲ ಬಳಸುವ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಹಳೆಯ ಪ್ರೊಸೆಸರೇ ಮುಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಎಷ್ಟು ಪಟ್ಟು ಎಂಬುದರ ಜೊತೆಗೆ ಯಾವ ಕೆಲಸದಲ್ಲಿ, ಯಾವುದಕ್ಕೆ ಹೋಲಿಸಿ, ದತ್ತಾಂಶವನ್ನು ಮೆಮೊರಿಗೆ ತುಂಬಿದ ಸಮಯವನ್ನು ಎಣಿಸಿದ್ದಾರೋ ಇಲ್ಲವೋ ಎಂಬುದನ್ನೂ ಒಂದು ಸಾಲಿನಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಕಂಪ್ಯೂಟರ್ ವಿನ್ಯಾಸದ ಅಧ್ಯಾಪಕ, ನಿಮ್ಮ ಓದುಗ