'ನಗರದಲ್ಲಿ ಇಂದು' ಅಂಕಣದಲ್ಲಿ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ 'ನಗರದಲ್ಲಿ ಇಂದು' ಅಂಕಣವನ್ನು ದಿನಾ ಓದುತ್ತೇನೆ. ಗಮಕ ಎಲ್ಲಿ, ಪ್ರವಚನ ಎಲ್ಲಿ, ಪುಸ್ತಕ ಬಿಡುಗಡೆ ಎಲ್ಲಿ ಎಲ್ಲವೂ ಅಲ್ಲಿರುತ್ತದೆ. ಅದರಲ್ಲಿ ಇನ್ನೊಂದು ಸಾಲಿಗೆ ಜಾಗ ಕೇಳಲು ಈ ಪತ್ರ. ಕುಡಿತ ಬಿಟ್ಟವರು, ಬಿಡಬೇಕು ಅಂತಿರುವವರು ಕನ್ನಡದಲ್ಲಿ ಕೂತು ಮಾತಾಡುವ ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವ ಸಾಲು.

ನಾನು ಚಾಮರಾಜಪೇಟೆಯ ಪ್ರೆಸ್ ಒಂದರಲ್ಲಿ ಬೈಂಡಿಂಗ್ ಕೆಲಸದವನು. ವಯಸ್ಸು 51. ಕೈ ನಡುಗಿದರೆ ಸೂಜಿಗೆ ದಾರ ಹೋಗುವುದಿಲ್ಲ. ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋದರೆ ಕೈ ನಿಲ್ಲುತ್ತಿತ್ತು. ನಡುಕಕ್ಕೆ ಕುಡಿತವೇ ಔಷಧಿ ಅಂದುಕೊಂಡಿದ್ದೆ. ನಡುಕ ತಂದದ್ದೂ ಅದೇ ಅಂತ ಹೊಳೆಯಲು 11 ವರ್ಷ ಬೇಕಾಯಿತು.

ಎರಡು ವರ್ಷದ ಹಿಂದೆ ಆಯುಧ ಪೂಜೆ ದಿನ ಕಟಿಂಗ್ ಮೆಷಿನ್ ಮುಂದೆ ಕುಂಬಳಕಾಯಿ ಒಡೆದು 'ಇವತ್ತಿಂದ ಬಿಟ್ಟೆ' ಅಂದೆ. ಯಾರನ್ನೂ ಕೇಳಲಿಲ್ಲ. ಮೂರನೇ ರಾತ್ರಿ ಗೋಡೆ ತುಂಬಾ ಇರುವೆ ಹರಿದಾಡಿದವು. ಹೆಂಡತಿಗೆ ಒಂದೂ ಕಾಣಲಿಲ್ಲ. ಆಟೋ ಹಿಡಿದು ನಿಮ್ಹಾನ್ಸ್‌ಗೆ ಕರೆದೊಯ್ದಳು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು ಅಂತ ಅಲ್ಲಿ ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು. ದೇವರ ಮುಂದೆ ಆಣೆ ಮಾಡುವವರು ಧಾರಾಳವಾಗಿ ಮಾಡಿ. ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ.

ಮಾತ್ರೆಯಿಂದ ನಡುಕ ಇಳಿಯಿತು. ಕಷ್ಟ ಇದ್ದದ್ದು ಸಂಜೆ ಏಳರ ಹೊತ್ತು. ಪ್ರೆಸ್ಸಿಂದ ಶ್ರೀನಗರದ ಮನೆಗೆ ನಾನು ನಡೆಯುವ ದಾರಿಯಲ್ಲಿ ಬಾರು, ವೈನ್ ಶಾಪು ಸೇರಿ ಒಂಬತ್ತು. ಎಲ್ಲದಕ್ಕೂ ಲೈಟಿನ ಬೋರ್ಡು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ, ಕುಡಿತ ಬಿಡುವವರೇ ಸೇರಿ ನಡೆಸುವ ಸಭೆಗೆ ಹೋಗಿ ಅಂತ ನಿಮ್ಹಾನ್ಸ್‌ನಲ್ಲಿ ಹೇಳಿ ಕಳಿಸಿದ್ದರು. ಆ ಸಭೆ ಹುಡುಕಲು ಮೂರು ವಾರ ಹಿಡಿಯಿತು. ಯಾರೋ ಕೊಟ್ಟ ನಂಬರು ಚಾಲ್ತಿಯಲ್ಲಿರಲಿಲ್ಲ. ಒಂದು ಚರ್ಚಿನ ಹಾಲಿಗೆ ಹೋದರೆ ವಾಚ್‌ಮನ್, 'ಅವರು ಬರೋದು ಬಿಟ್ಟು ವರ್ಷ ಆಯ್ತು' ಅಂದ. ಮೂರನೇ ಕಡೆ ಸಭೆಯೇನೋ ಸಿಕ್ಕಿತು, ಪೂರ್ತಿ ಇಂಗ್ಲಿಷು. ಒಂದೂವರೆ ಗಂಟೆ ತಲೆಯಾಡಿಸಿಕೊಂಡು ಕೂತಿದ್ದೆ. ಹೊರಡುವಾಗ ಒಬ್ಬರು ಹೆಗಲ ಮೇಲೆ ಕೈ ಹಾಕಿ, ಗುರುವಾರ ಕನ್ನಡದ್ದೊಂದು ಇದೆ ಅಂತ ಸ್ಕೂಲಿನ ದಾರಿ ಹೇಳಿದರು. ಅವರು ಆ ದಿನ ಬಂದಿರದಿದ್ದರೆ ನಾನು ವಾಪಸ್ ಒಂಬತ್ತರಲ್ಲಿ ಒಂದಕ್ಕೆ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ?

ಆ ಸ್ಕೂಲಿನಲ್ಲಿ ಎರಡನೇ ಕ್ಲಾಸಿನ ಮಕ್ಕಳ ಬೆಂಚು. ಮಂಡಿ ಎದೆಗೆ ತಾಗುತ್ತದೆ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ 'ನಾನೊಬ್ಬ ಕುಡುಕ' ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಆ ಮಾತು ನನ್ನ ಬೆನ್ನ ಹಿಂದೆ ಬರುತ್ತಿತ್ತು. ಇಲ್ಲಿ ನಾನೇ ಹೇಳಿಕೊಳ್ಳಬೇಕು. ಮೊದಲ ಎರಡು ವಾರ ಬಾಯಿಂದ ಹೊರಡಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ, ಟೀ ಕೊಟ್ಟರು. ಫೀಸಿಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಕೈಲಾದರೆ ಹಾಕಬಹುದು. ಕುಡಿತ ನಿಲ್ಲಿಸುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಬೇಡ. ಈ ಎಎಯನ್ನು 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಶೇರು ವ್ಯಾಪಾರದವನೂ ಒಬ್ಬ ಸರ್ಜನ್ನೂ ಶುರು ಮಾಡಿದ್ದಂತೆ. ಡಾಕ್ಟರೇ ಕುಡುಕ! ಅದನ್ನು ಕೇಳಿ ನನಗೆ ಎಷ್ಟು ಸಮಾಧಾನ ಆಯಿತೋ.

ಹೆಂಡತಿಯೂ ಮನೆಯವರಿಗಾಗಿ ಇರುವ ಅಲ್-ಅನಾನ್ ಸಭೆಗೆ ಹೋಗುತ್ತಾಳೆ. ಅಲ್ಲಿ ಏನು ಹೇಳುತ್ತಾಳೆ ಅಂತ ನಾನು ಕೇಳಿಲ್ಲ. ಕೇಳಲು ಧೈರ್ಯ ಇಲ್ಲ.

ಹಳ್ಳಿಗಳಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಡೆದರೆ ಊರಿಗೆಲ್ಲ ಗೊತ್ತಿರುತ್ತದೆ. ಶಿಬಿರ ಮುಗಿಸಿದವರಿಗೆ ಆಮೇಲೆ ನವಜೀವನ ಸಮಿತಿ ಅಂತಲೂ ಇರುತ್ತದೆ. ಬೆಂಗಳೂರಿನಲ್ಲಿ ಪಕ್ಕದ ರಸ್ತೆಯಲ್ಲೇ ಸಭೆ ನಡೆದರೂ ತಿಳಿಯುವುದಿಲ್ಲ. ಗೋಡೆ ಗೋಡೆಯಲ್ಲೂ ಕಾಣುವುದು 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಅನ್ನುವ ಪುಡಿಯ ಜಾಹೀರಾತು. ನನ್ನ ಸಾರಿಗೂ ಅಂಥದ್ದು ಬಿದ್ದಿತ್ತು. ಏನು ಪುಡಿಯೋ, ರಾತ್ರಿಯೆಲ್ಲ ವಾಂತಿ. ಹೇಳದೆ ಕೇಳದೆ ಬೆರೆಸುವ ಇಂಥ ಔಷಧಿಯ ಮೇಲೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಬೇಜಾರಾಗಬೇಡಿ, ಆ ಜಾಹೀರಾತು ನಿಮ್ಮ ಪತ್ರಿಕೆಯ ಕಿರು ಜಾಹೀರಾತಿನ ಪುಟದಲ್ಲೂ ನೋಡಿದ್ದೇನೆ. ಅದನ್ನು ತೆಗೆದರೆ ನಾನು ಕೇಳುವ ಸಾಲಿಗೆ ಜಾಗ ಸಿಗುತ್ತದೆ ಅಲ್ವಾ?

ಸಾಧ್ಯವಾದರೆ ಕೆಳಗೆ 14446 ಕೂಡ ಹಾಕಿ. ಅದು ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡಿಲ್ಲ. ಮನಸ್ಸು ಕೆಟ್ಟು ಕೂತ ರಾತ್ರಿಗೆ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಸ್ಕೂಲಿನವರು ಕೊಠಡಿ ಕೊಡಲಾಗದು ಅಂದಿದ್ದಾರೆ. ಬನಶಂಕರಿ, ಹನುಮಂತನಗರದ ಕಡೆ ಯಾರಿಗಾದರೂ ಗುರುವಾರ ಸಂಜೆ ಏಳರಿಂದ ಎಂಟೂವರೆ ತನಕ ಒಂದು ರೂಮು ಬಿಟ್ಟುಕೊಡಲು ಆದರೆ ಪತ್ರಿಕೆಗೆ ತಿಳಿಸಲಿ. ಗಲಾಟೆ ಇರುವುದಿಲ್ಲ. ಗುಡಿಸಿ, ಟೀ ಲೋಟ ತೊಳೆದಿಟ್ಟು ಹೋಗುತ್ತೇವೆ.

ನನ್ನ ಹೆಸರು ಹಾಕಬೇಡಿ, ಅದು ನಮ್ಮ ಸಭೆಯ ಪದ್ಧತಿ. ಅಂಕಣದಲ್ಲಿ ಹಾಕಬೇಕಾದ ಸಾಲನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಪಿನ್ ಮಾಡಿದ್ದೇನೆ. ಅಕ್ಷರ ಈಗ ನೆಟ್ಟಗೆ ಬರುತ್ತದೆ, ಓದಲು ತೊಂದರೆ ಆಗಲಾರದು.

– ಒಬ್ಬ ಓದುಗ, ಶ್ರೀನಗರ, ಬೆಂಗಳೂರು