ಬರಿಗೈಯ ಆ ಚಿತ್ರ

ಮಾನ್ಯರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕಂಬಗಳನ್ನು ಸುತ್ತಿ ಹಾರುವ ಪಂದ್ಯವಾದ ಪೈಲಾನ್ ರೇಸಿಂಗ್‌ಗೆಂದು ಮಾದರಿ ವಿಮಾನ ಕಟ್ಟುತ್ತಿರುವ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟೆ. ವಿಮಾನದ ಒಡಲನ್ನು ‘ಪ್ಲಾಸ್ಟಿಕ್’ ಎಂದು ಬರೆದಿದ್ದೀರಿ, ಇರಲಿ. ಆದರೆ ಪಕ್ಕದ ಚಿತ್ರದಲ್ಲಿ ಹುಡುಗನೊಬ್ಬ ಎಪಾಕ್ಸಿ ಎಂಬ ಅಂಟುದ್ರವದಲ್ಲಿ (ರೆಸಿನ್) ತೊಯ್ದ ಗಾಜಿನೆಳೆಯ ಬಟ್ಟೆಯನ್ನು ಬರಿಗೈಯಲ್ಲಿ ಅಚ್ಚಿಗೆ ಒತ್ತುತ್ತಿದ್ದಾನೆ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನೂ ಹಾಗೆಯೇ ಒತ್ತಿದವನು. ಪಾಲಿಯೆಸ್ಟರ್ ರೆಸಿನ್ ಮೂಗಿಗೆ ಬಡಿಯುತ್ತದೆ, ಯಾರೂ ಹತ್ತಿರ ಸುಳಿಯುವುದಿಲ್ಲ. ಎಪಾಕ್ಸಿಗೆ ಅಷ್ಟು ವಾಸನೆಯಿಲ್ಲ, ಹಾಗಾಗಿ ಸಾಧು ಎಂದುಕೊಂಡಿದ್ದೆ. ಕೈಗೆ ಅಂಟಿದ್ದನ್ನು ಥಿನ್ನರ್‌ನಿಂದ ಒರೆಸಿಕೊಳ್ಳುತ್ತಿದ್ದೆ. ಅದು ಇನ್ನೂ ದೊಡ್ಡ ತಪ್ಪು: ಥಿನ್ನರ್ ರೆಸಿನ್ನನ್ನು ಕರಗಿಸಿ ಚರ್ಮದೊಳಕ್ಕೇ ಇಳಿಸುತ್ತದೆ. ಆರು ವರ್ಷ ಏನೂ ಆಗಲಿಲ್ಲ. ಏಳನೆಯ ವರ್ಷ ಬೆರಳ ಸಂದಿಗಳಲ್ಲಿ ನೀರುಗುಳ್ಳೆ ಎದ್ದವು. ಈ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಈಗ ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಡಬ್ಬಿಯ ಮುಚ್ಚಳ ತೆಗೆದರೂ ನನ್ನ ಕಣ್ರೆಪ್ಪೆ ಊದಿಕೊಳ್ಳುತ್ತದೆ. ಅಚ್ಚುಗಳೆಲ್ಲ ಅಟ್ಟ ಸೇರಿವೆ.

ಕೈಗವಸು ಹಾಕಿದರೆ ಬಟ್ಟೆಯ ಹದ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಹದ ತಿಳಿಯಬೇಕಾದದ್ದು ಕಣ್ಣಿಗೆ. ಬಟ್ಟೆ ಪೂರ್ತಿ ತೊಯ್ದಾಗ ಬಿಳುಪು ಹೋಗಿ ಅಚ್ಚಿನ ಬಣ್ಣ ಕಾಣುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಕುಳಿತಿದೆ ಎಂದರ್ಥ. ಮೇಲೆ ಹೊಳೆಯುತ್ತ ನಿಂತ ರೆಸಿನ್ ಬಲವಲ್ಲ, ಬರೀ ಭಾರ. ಟಿಶ್ಯೂ ಕಾಗದ ಒತ್ತಿ ಅದನ್ನು ಹೀರಿ ತೆಗೆಯಬೇಕು. ಮುಖ್ಯವಾಗಿ ಬಾಲದ ಕಡೆ, ಏಕೆಂದರೆ ಅಲ್ಲಿ ಹೆಚ್ಚಾದ ಒಂದೊಂದು ಗ್ರಾಂಗೂ ಮೂಗಿನಲ್ಲಿ ಹಲವು ಗ್ರಾಂ ಸೀಸ ತುಂಬಿ ತೂಗಿಸಬೇಕಾಗುತ್ತದೆ. ಮೂರು ಕಂಬಗಳನ್ನು ಹತ್ತು ಬಾರಿ ಸುತ್ತಿ, 4 ಕಿ.ಮೀ. ದೂರವನ್ನು ಒಂದು ನಿಮಿಷದೊಳಗೆ ಮುಗಿಸುವ ವಿಮಾನಗಳ ನಡುವೆ ಸೀಸ ಹೊತ್ತು ಹಾರುವವನ ಪಾಡು ಹೇಳಬೇಕಿಲ್ಲ.

ಬೆಳಿಗ್ಗೆ ಎರಡು ಅರೆಗಳ ಅಚ್ಚು ಬಿಡಿಸಿದಾಗ, ಮೇಣ ಸರಿಯಾಗಿ ಹಚ್ಚಿದ್ದರೆ, ‘ಟಕ್’ ಎಂದು ಒಡಲು ಕಳಚಿ ಬರುತ್ತದೆ. ಆ ಸದ್ದಿಗಾಗಿಯೇ ಈ ಕೆಲಸ ಮಾಡುತ್ತಿದ್ದೆ. ಹಾಗಾಗಿ ಹುಡುಗರನ್ನು ಹೆದರಿಸಿ ಓಡಿಸುವುದು ನನ್ನ ಉದ್ದೇಶವಲ್ಲ. ಕಾಲೇಜಿನವರು ರೆಸಿನ್ ತರಿಸುವ ಪಟ್ಟಿಯಲ್ಲೇ ನೈಟ್ರೈಲ್ ಕೈಗವಸಿನ ಡಬ್ಬಿಯನ್ನೂ, ಗಟ್ಟಿಯಾದ ಅಂಚನ್ನು ಉಜ್ಜುವಾಗ ಏಳುವ ಗಾಜಿನ ದೂಳಿಗೆ ಒಳ್ಳೆಯ ಮುಖಗವಸನ್ನೂ ಸೇರಿಸಲಿ. ನೀವೂ ಮುಂದಿನ ಸಲ ಚಿತ್ರ ತೆಗೆಯುವ ಮುನ್ನ ಅವರ ಕೈಗಳನ್ನೊಮ್ಮೆ ನೋಡಿ.

ಅಂದ ಹಾಗೆ, ಆ ಹುಡುಗ ಬಟ್ಟೆಯನ್ನು ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿದ್ದಾನೆ. ಹಾಗಾಗಿ ಬಾಲ ತಿರುಚಿಕೊಳ್ಳುವುದಿಲ್ಲ. ಕೆಲಸ ಬಲ್ಲವನು.

– ನಿವೃತ್ತ ವರ್ಕ್‌ಶಾಪ್ ಮೇಲ್ವಿಚಾರಕ, ಯಲಹಂಕ, ಬೆಂಗಳೂರು